ನೂರ ಅರವತ್ತು ಗ್ರಾಂ

ತೂಕದ ವಿಷಯದಲ್ಲಿ ನನ್ನ ಜೊತೆ ಯಾರೂ ವಾದಕ್ಕೆ ಬರಬಾರದು. ಮೂವತ್ತೊಂದು ವರ್ಷ ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್‌ಸ್ಪೆಕ್ಟರ್ ಆಗಿದ್ದವನು ನಾನು. ತಿಲಕ್ ನಗರದ ದಿನಸಿ ಅಂಗಡಿಗಳಿಂದ ಹಿಡಿದು ಹನುಮಂತನಗರದ ಬೆಳ್ಳಿ ಅಂಗಡಿಗಳವರೆಗೆ ನಾನು ಮುದ್ರೆ ಒತ್ತದ ತಕ್ಕಡಿ ಇರಲಿಲ್ಲ. ಯಾವುದೇ ಸಣ್ಣ ವಸ್ತುವನ್ನು ಅಂಗೈ ಮೇಲಿಟ್ಟು ಎರಡು ಸಲ ಮೇಲೆ ಕೆಳಗೆ ಆಡಿಸಿದರೆ ಸಾಕು, ತೂಕ ಹೇಳಿಬಿಡುತ್ತೇನೆ. ಐದು ಗ್ರಾಂ ಆಚೆ ಈಚೆ ಆಗಬಹುದು, ಆರು ಗ್ರಾಂ ಆಗುವುದಿಲ್ಲ. ಶಾಂತವೀರಪ್ಪ ಎಂಬ ಹೆಸರಿಟ್ಟುಕೊಂಡು ಇಷ್ಟು ಸಿಡುಕು ಹೇಗೆ ಬಂತೋ ಎಂದು ನನ್ನ ಹೆಂಡತಿ ಬಸವಲಿಂಗಮ್ಮ ನೆಂಟರ ಮುಂದೆಲ್ಲ ಹೇಳಿಕೊಂಡು ನಗುತ್ತಾಳೆ. ನಗಲಿ.

ಇಷ್ಟೆಲ್ಲ ಯಾಕೆ ಹೇಳುತ್ತಿದ್ದೇನೆಂದರೆ, ಕಳೆದ ತಿಂಗಳು ಕಾಶಿಯಿಂದ ಬರುವಾಗ ನಡೆದದ್ದು ನನಗೆ ಇವತ್ತಿಗೂ ಪೂರ್ತಿ ತಲೆಗೆ ಹೋಗಿಲ್ಲ. ಹೋದಷ್ಟನ್ನು ಹೇಳುತ್ತೇನೆ.

ನಾವಿಬ್ಬರೇ ಹೋಗಿದ್ದೆವು. ಟಿಕೆಟ್ ಮಾಡಿಸಿದವಳು ಮಗಳು ಮೇಘಶ್ರೀ. ವಿಮಾನದ ಹೊಟ್ಟೆಗೆ ಹಾಕುವ ಬ್ಯಾಗು ಇಬ್ಬರಿಗೂ ಸೇರಿ ಒಂದೇ ಸಾಕು, ನನ್ನದೇನಿದೆ, ಎರಡು ಪಂಚೆ, ಎರಡು ಅಂಗಿ ಎಂದು ಅವಳಿಗೆ ಹೇಳಿದವನು ನಾನು. ಆ ಒಂದು ಬ್ಯಾಗಿಗೆ ಹದಿನೈದು ಕಿಲೋ ಮಿತಿ. ಕೈಯಲ್ಲಿ ಒಯ್ಯುವ ಚೀಲಕ್ಕೆ ಏಳು ಕಿಲೋ. ವಾಪಸು ಹೊರಡುವ ದಿನ ಬೆಳಿಗ್ಗೆ, ಕಾಶಿಯಲ್ಲಿ ನಾವಿಳಿದುಕೊಂಡಿದ್ದ ಮಠದ ಕೋಣೆಯಲ್ಲೇ ದೊಡ್ಡ ಬ್ಯಾಗನ್ನು ನನ್ನ ಕೈತಕ್ಕಡಿಯ ಕೊಕ್ಕೆಗೆ ತೂಗುಹಾಕಿದೆ. ನಾನು ನಿವೃತ್ತನಾದಾಗ ಆಫೀಸಿನವರು ಕೊಟ್ಟ ಸ್ಪ್ರಿಂಗ್ ತಕ್ಕಡಿ ಅದು. ಮುಳ್ಳು ಹದಿನೈದರ ಗೀಟಿನ ಮೇಲೆ ಬಂದು ಅಲುಗಾಡದೆ ನಿಂತಿತು. ಬಸವಲಿಂಗಮ್ಮನನ್ನು ಕರೆದು ತೋರಿಸಿದೆ. ಅವಳು ಕನ್ನಡಕವಿಲ್ಲದೆ ನೋಡಿ, ಆಯ್ತು ಬಿಡಿ ಅಂದಳು.

ವಿಮಾನ ನಿಲ್ದಾಣದ ಕೌಂಟರಿನಲ್ಲಿ ಅದೇ ಬ್ಯಾಗು ಹದಿನೈದು ಮುಂದೆ ಏಳು ಎಂದು ತೋರಿಸಿತು. ಅಂದರೆ ಏಳುನೂರು ಗ್ರಾಂ ಹೆಚ್ಚು. ನನಗೆ ಮೈಯೆಲ್ಲ ಉರಿದುಹೋಯಿತು. ನಿಮ್ಮ ತಕ್ಕಡಿ ತಪ್ಪು ತೋರಿಸುತ್ತಿದೆ ಎಂದು ನನಗೆ ಬರುವ ಅರ್ಧಂಬರ್ಧ ಹಿಂದಿಯಲ್ಲಿ ಕೌಂಟರಿನ ಹುಡುಗಿಗೆ ಹೇಳಿದೆ. ಕೊನೆಯ ಸಲ ಯಾವಾಗ ಮುದ್ರೆ ಹಾಕಿಸಿದ್ದೀರಿ, ಸರ್ಟಿಫಿಕೇಟ್ ತೋರಿಸಿ ಎಂದೂ ಕೇಳಿದೆ. ಅವಳು ನನ್ನ ಮುಖವನ್ನೂ ನೋಡದೆ ಕೈಚೀಲವನ್ನೂ ಇಡಿ ಅಂದಳು. ಅದು ಏಳು ಮುಂದೆ ನಾಲ್ಕು ಬಂತು. ನನ್ನ ಹಿಂದೆ ಸಾಲು ಬೆಳೆದಿತ್ತು. ಯಾರೋ ಒಬ್ಬ, ಜಲ್ದಿ ಕರೋ ಅಂಕಲ್ ಅಂದ.

ಆಗಲೇ ಬಸವಲಿಂಗಮ್ಮ ನನ್ನ ತೋಳು ಮುಟ್ಟಿ, "ರೀ, ಒಂದ್ನಿಮಿಷ ಹೋಗ್ಬಂದ್ಬಿಡ್ತೀನಿ. ಚೀಲ ಜೋಪಾನ" ಅಂದಳು. ನಾನು ತಿರುಗಿಯೂ ನೋಡದೆ ಹ್ಞೂಂ ಅಂದೆ.

ಆಮೇಲೆ ನೆಲದ ಮೇಲೆ ಮಂಡಿಯೂರಿ ಕೂತು ಎರಡೂ ಬ್ಯಾಗನ್ನು ಬಿಚ್ಚಿದೆ. ದೊಡ್ಡ ಬ್ಯಾಗಿನಿಂದ ಅರ್ಧ ಬಾಟಲಿ ಕೊಬ್ಬರಿ ಎಣ್ಣೆ, ಸೋಪು, ಆರು ದಿನದ ಹಳೇ ಪೇಪರು, ಎಲ್ಲ ತೆಗೆದು ಪಕ್ಕದ ಕಸದ ಡಬ್ಬಕ್ಕೆ ಹಾಕಿದೆ. ತೂಗಿದರೆ ಹದಿನಾಲ್ಕು ಮುಂದೆ ಎಂಟು. ಸಿಗಬೇಕಾದ ಇನ್ನೂರು ಗ್ರಾಮನ್ನು ಬಿಟ್ಟುಕೊಡುವ ಜಾಯಮಾನ ನನ್ನದಲ್ಲ. ಕೈಚೀಲದ ಮೇಲ್ಗಡೆಯೇ ಬಿಳಿ ಬಟ್ಟೆಯ ಎರಡು ಗಂಟುಗಳಿದ್ದವು, ದಾರಿಗೆ ಕಟ್ಟಿಕೊಂಡ ತಿಂಡಿಯಿರಬೇಕು ಅಂದುಕೊಂಡೆ. ಎರಡನ್ನೂ ಒಂದೊಂದು ಅಂಗೈಯಲ್ಲಿಟ್ಟು ಆಡಿಸಿದೆ. ಒಂದು ಮುನ್ನೂರು ಚಿಲ್ಲರೆ. ಇನ್ನೊಂದು ನೂರ ಅರವತ್ತು. ಒಂದನ್ನು ದೊಡ್ಡ ಬ್ಯಾಗಿಗೆ ತುರುಕಿದೆ, ಒಂದನ್ನು ಕಸಕ್ಕೆ ಎಸೆದೆ. ದೊಡ್ಡ ಬ್ಯಾಗು ಸರಿಯಾಗಿ ಹದಿನೈದು ಬಂತು. ಕೈಚೀಲವೂ ಏಳರ ಒಳಗೆ ಬಂತು. ನೋಡಿದಿರಾ ಎಂಬಂತೆ ಸುತ್ತ ಒಮ್ಮೆ ನೋಡಿದೆ. ಯಾರೂ ನೋಡುತ್ತಿರಲಿಲ್ಲ.

ಬಸವಲಿಂಗಮ್ಮ ಬರುವಷ್ಟರಲ್ಲಿ ನಮ್ಮ ವಿಮಾನದ ಕೊನೆಯ ಕರೆ ಆಗಿತ್ತು. ತಪಾಸಣೆಯವರು ಕೈಚೀಲವನ್ನು ಇನ್ನೊಮ್ಮೆ ಬಿಚ್ಚಿಸಿ ಗಂಗಾಜಲದ ಚೊಂಬನ್ನು ತಿರುಗಿಸಿ ಮುರುಗಿಸಿ ನೋಡಿದರು. ಅಲ್ಲಿಂದ ಓಡಿದ್ದೇ ಓಡಿದ್ದು. ಚೀಲ ತಲೆಯ ಮೇಲಿನ ಖಾನೆಗೆ ಹೋಯಿತು, ನಾವು ಬೆಲ್ಟು ಕಟ್ಟಿಕೊಂಡು ಕೂತೆವು. ಅವಳು ಏನೋ ಹೇಳಲು ಎರಡು ಸಲ ನನ್ನ ಕಡೆ ತಿರುಗಿದಳು. ನಾನು ಆ ಹುಡುಗಿಯ ಮೇಲೆ ದೂರು ಬರೆಯುವುದು ಹೇಗೆ ಎಂದು ವಿವರಿಸುತ್ತಿದ್ದೆ.

ಬೆಂಗಳೂರಿನಲ್ಲಿ ಎಲ್ಲರ ಬ್ಯಾಗೂ ಬಂತು, ನಮ್ಮದು ಬರಲಿಲ್ಲ. ತಿರುಗುವ ಬೆಲ್ಟಿನ ಮೇಲೆ ಯಾರದೋ ಒಂದು ಕೊಡೆ ಮಾತ್ರ ಒಂದೇ ಸಮನೆ ಸುತ್ತುತ್ತಿತ್ತು. ಅಲ್ಲೊಂದು ಮೇಜಿನ ಹಿಂದೆ ಕೂತಿದ್ದ ಹುಡುಗ ಫಾರಂ ತೆಗೆದು, "ಬ್ಯಾಗ್ ಕಲರ್ ಯಾವ್ದು ಸಾರ್?" ಎಂದ.

"ಹದಿನೈದು ಕಿಲೋ" ಅಂದೆ.

"ಕಲರ್ ಸಾರ್."

ನನಗೆ ಹೊಳೆಯಲಿಲ್ಲ. ನೀಲಿ ಅಂದೆ. ಬಸವಲಿಂಗಮ್ಮ ಹಸಿರು ಅಂದಳು. ಅವನು ಎರಡನ್ನೂ ಬರೆದುಕೊಂಡು, ನಾಳೆಯೊಳಗೆ ಮನೆಗೇ ಬರುತ್ತೆ ಅಂದ. ಆಮೇಲೆ ಮಗಳು ಹೊರಡುವ ದಿನದ ಫೋಟೋ ತೆಗೆದು ತೋರಿಸಿದಳು. ಬ್ಯಾಗು ಬೂದು ಬಣ್ಣದ್ದು.

ವಿಮಾನ ನಿಲ್ದಾಣದ ಬಸ್ಸು ಹಿಡಿದು ಬನಶಂಕರಿಗೆ ಬಂದು, ಅಲ್ಲಿಂದ ಆಟೋದಲ್ಲಿ ಕುಮಾರಸ್ವಾಮಿ ಲೇಔಟಿನ ಮನೆ ಸೇರುವಾಗ ಸಂಜೆ ಏಳಾಗಿತ್ತು. ಬಸವಲಿಂಗಮ್ಮ ಕೈಕಾಲು ತೊಳೆದು, ಬೀರುವಿನಿಂದ ಹೊಸ ಶಿವದಾರ ತೆಗೆದುಕೊಂಡು ಬಂದು ಕೈಚೀಲ ಬಿಚ್ಚಿದಳು. ನಾನು ಕಾಫಿಗೆ ಹಾಲು ಇಡುತ್ತಿದ್ದೆ. ಸ್ವಲ್ಪ ಹೊತ್ತಾದ ಮೇಲೆ ನಡುಮನೆಯಲ್ಲಿ ಒಂದೇ ಒಂದು ಸದ್ದೂ ಇಲ್ಲದ್ದನ್ನು ಗಮನಿಸಿ ಬಂದು ನೋಡಿದರೆ, ಚೀಲದಲ್ಲಿದ್ದದ್ದೆಲ್ಲ ಸೋಫಾದ ಮೇಲೆ ಸುರಿದಿತ್ತು. ಅವಳು ಚೀಲದ ಒಳಗೆ ಕೈ ಹಾಕಿಕೊಂಡು ಹಾಗೇ ಕೂತಿದ್ದಳು.

"ರೀ, ನನ್ನ ಲಿಂಗ ಇಲ್ಲ."

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಮನೆಯಲ್ಲಿ ಇಷ್ಟಲಿಂಗ ಕಟ್ಟಿಕೊಳ್ಳುವವಳು ಅವಳೊಬ್ಬಳೇ. ಎಂಟನೇ ವರ್ಷದಲ್ಲಿ ಗುರುಗಳು ಕೊಟ್ಟದ್ದು. ಅಂದಿನಿಂದ ಕರಡಿಗೆ ಎಂಬ ಪುಟ್ಟ ಬೆಳ್ಳಿ ಡಬ್ಬಿಯೊಳಗೆ, ಶಿವದಾರದಲ್ಲಿ ಕೊರಳಿಗೆ ತೂಗಿಕೊಂಡು ಅವಳ ಎದೆಯ ಮೇಲೇ ಇದೆ. ಬೆಳಿಗ್ಗೆ ಸ್ನಾನವಾದ ಮೇಲೆ ಅದನ್ನು ಎಡಗೈಯಲ್ಲಿಟ್ಟುಕೊಂಡು ಪೂಜೆ ಮಾಡದೆ ಅವಳು ಬಾಯಿಗೆ ಏನನ್ನೂ ಹಾಕುವುದಿಲ್ಲ. ಮದುವೆಯಾಗಿ ನಲವತ್ತಾರು ವರ್ಷ. ಮೇಘಶ್ರೀ ಹುಟ್ಟಿದ ದಿನವೂ ಆಸ್ಪತ್ರೆಯ ಮಂಚದ ಮೇಲೆ ಪೂಜೆ ಮುಗಿಸಿಯೇ ಗಂಜಿ ಕುಡಿದವಳು. ನಾನು ಕಾಲೇಜಿಗೆ ಸೇರಿದಾಗಲೇ ಕಟ್ಟಿಕೊಳ್ಳುವುದನ್ನು ಬಿಟ್ಟೆ. ನನ್ನದು ದೇವರ ಗೂಡಿನಲ್ಲಿ ಎಲ್ಲೋ ಇದೆ.

"ಕೊರಳಲ್ಲೇ ಇರ್ತಿತ್ತಲ್ಲ, ಚೀಲಕ್ಕೆ ಯಾಕೆ ಹಾಕ್ದೆ?" ಎಂದು ಕೇಳಿದೆ.

"ಏರ್‌ಪೋರ್ಟಲ್ಲಿ ಆಟೋ ಇಳಿಯೋವಾಗ ಚೀಲದ ಪಟ್ಟಿ ಸಿಕ್ಕೊಂಡು ಶಿವದಾರ ಕಿತ್ಹೋಯ್ತು. ಕೈಯಲ್ಲಿ ಹಿಡ್ಕೊಂಡು ಟಾಯ್ಲೆಟ್‌ಗೆ ಹೆಂಗೆ ಹೋಗ್ಲಿ ಅಂತ ಬಿಳೀ ವಸ್ತ್ರದಲ್ಲಿ ಸುತ್ತಿ ಚೀಲದ ಮೇಲ್ಗಡೆನೇ ಇಟ್ಟೆ. ಚಪಾತಿ ಗಂಟಿನ ಪಕ್ಕದಲ್ಲಿ. ಆ ಸೆಕ್ಯೂರಿಟಿಯವ್ರು ಬಿಚ್ಚಿಸಿದ್ರಲ್ಲ, ಎರಡೂ ಅಲ್ಲೇ ಬಿದ್ದುಹೋದ್ವೇನೋ. ನಂದೇ ತಪ್ಪು. ಅಷ್ಟು ಅರ್ಜೆಂಟ್ ಏನಿತ್ತು ನಂಗೆ? ತಡ್ಕೋಬಹುದಿತ್ತು."

ಚೀಲ ಜೋಪಾನ ಎಂದು ಅವಳು ಹೇಳಿದ್ದು ಆಗ ನೆನಪಾಯಿತು. ನನ್ನ ಅಂಗೈಗೂ ನೆನಪಾಯಿತು. ಒಂದು ಮುನ್ನೂರು ಚಿಲ್ಲರೆ, ಇನ್ನೊಂದು ನೂರ ಅರವತ್ತು. ಒಂದು ಬ್ಯಾಗಿಗೆ ಹೋಯಿತು, ಒಂದು ಕಸಕ್ಕೆ ಹೋಯಿತು. ಆದರೆ ಯಾವುದು ಎಲ್ಲಿಗೆ?

ಆ ಕ್ಷಣದಲ್ಲೇ ಹೇಳಬೇಕಿತ್ತು. ಲಿಂಗಮ್ಮ, ಅದನ್ನು ತೆಗೆದವನು ನಾನು ಅಂದಿದ್ದರೆ ಮುಗಿದುಹೋಗುತ್ತಿತ್ತು. ಆದರೆ ತೆಗೆದು ಎಲ್ಲಿಗೆ ಹಾಕಿದಿರಿ ಎಂದು ಅವಳು ಕೇಳುತ್ತಾಳೆ. ಬಹುಶಃ ಕಸದ ಡಬ್ಬಕ್ಕೆ ಎಂದು ಹೇಳುವ ಬಾಯಿ ನನಗಿಲ್ಲ. "ಸಿಗುತ್ತೆ ಬಿಡು, ಎಲ್ಲಿ ಹೋಗುತ್ತೆ" ಅಂದೆ. ಒಲೆಯ ಮೇಲೆ ಹಾಲು ಉಕ್ಕಿಹೋಗಿತ್ತು.

ಅವಳು ರಾತ್ರಿ ಊಟ ಮಾಡಲಿಲ್ಲ. ನಾನು ಮೊಸರನ್ನ ಕಲಸಿಕೊಂಡು ತಿಂದೆ. ತಿಂದೆ ಎಂದು ಹೇಳಲು ನಾಚಿಕೆಯಾಗುತ್ತದೆ, ಆದರೆ ತಿಂದೆ.

ಮರುದಿನ ಬೆಳಿಗ್ಗೆ ಜೆ.ಪಿ. ನಗರದಿಂದ ಮೇಘಶ್ರೀ ಬ್ಯಾಂಕಿಗೆ ರಜೆ ಹಾಕಿ ಬಂದಳು. ಅವಳ ಫೋನಿಗೆ ವಿಮಾನ ಕಂಪನಿಯಿಂದ ಒಂದರ ಹಿಂದೆ ಒಂದು ಸಂದೇಶ. ಒಂಬತ್ತು ಗಂಟೆಗೆ, ನಿಮ್ಮ ಬ್ಯಾಗು ಹೈದರಾಬಾದಿನಲ್ಲಿದೆ. ಹತ್ತೂವರೆಗೆ, ನಿಮ್ಮ ಬ್ಯಾಗು ಬೆಂಗಳೂರು ತಲುಪಿದೆ. ಹನ್ನೊಂದಕ್ಕೆ, ನಿಮ್ಮ ಬ್ಯಾಗನ್ನು ನಿಮಗೆ ತಲುಪಿಸಲಾಗಿದೆ, ನಮ್ಮ ಸೇವೆಗೆ ಎಷ್ಟು ನಕ್ಷತ್ರ ಕೊಡುತ್ತೀರಿ? ಮಧ್ಯಾಹ್ನಕ್ಕೆ, ನಿಮ್ಮ ಬ್ಯಾಗನ್ನು ಹುಡುಕುತ್ತಿದ್ದೇವೆ, ದಯವಿಟ್ಟು ಬಣ್ಣ ತಿಳಿಸಿ. ತಲೆಬುಡ ಒಂದೂ ತಿಳಿಯಲಿಲ್ಲ. ನಾನು ಫೋನ್ ಕಿತ್ತುಕೊಂಡು ಮಾತಾಡಿದೆ. ಆ ಕಡೆಯಿಂದ ಮಾತಾಡುತ್ತಿದ್ದುದು ಮನುಷ್ಯರಲ್ಲ, ಮೆಶೀನು ಎಂದು ಮೇಘಶ್ರೀ ಹೇಳುವಷ್ಟರಲ್ಲಿ ನಾನು ಅದಕ್ಕೆ ಚೆನ್ನಾಗಿ ಬೈದು ಮುಗಿಸಿದ್ದೆ.

"ಅಪ್ಪಾ, ಬ್ಯಾಗು ಇವತ್ತಲ್ಲ ನಾಳೆ ಬರುತ್ತೆ. ಅದ್ರಲ್ಲಿ ಇರೋದು ಸೀರೆ, ಪಂಚೆ. ಅಮ್ಮನ ಲಿಂಗ ಹೋಗಿರೋದು ಕಾಶಿ ಏರ್‌ಪೋರ್ಟಲ್ಲಿ. ಅಲ್ಲಿಗೆ ಫೋನ್ ಮಾಡೋಣ ಅಂದ್ರೆ ನೀವು ಬ್ಯಾಗು ಬ್ಯಾಗು ಅಂತ ಯಾಕೆ ಒದ್ದಾಡ್ತಿದ್ದೀರಿ?"

"ಬ್ಯಾಗಲ್ಲಿ ನನ್ನ ತಕ್ಕಡಿ ಇದೆ" ಅಂದೆ. ತಕ್ಕಡಿ ಕೈಚೀಲದಲ್ಲಿ ಬಂದು ಅವಳ ಕಣ್ಣೆದುರಿನ ಟೀಪಾಯಿಯ ಮೇಲೇ ಇತ್ತು. ಅವಳು ಅದನ್ನೊಮ್ಮೆ ನೋಡಿ, ನನ್ನನ್ನೊಮ್ಮೆ ನೋಡಿ, ಅಮ್ಮನ ಹತ್ತಿರ ಹೋದಳು.

ಬಸವಲಿಂಗಮ್ಮ ನೀರು ಬಿಟ್ಟು ಬೇರೇನನ್ನೂ ಮುಟ್ಟಲಿಲ್ಲ. ಆ ನೀರೂ ಮಗಳು ಅತ್ತಿದ್ದಕ್ಕೆ. ಅವಳಿಗೆ ಸಕ್ಕರೆ ಕಾಯಿಲೆ. ಊಟವಿಲ್ಲದೆ ಮಾತ್ರೆ ನುಂಗಿದರೆ ಇನ್ನೂ ಅಪಾಯ, ನುಂಗದಿದ್ದರೂ ಅಪಾಯ. ಮಧ್ಯಾಹ್ನ ಎದ್ದು ನಿಂತವಳು ಗೋಡೆ ಹಿಡಿದುಕೊಂಡಳು. ಕಾಶಿಯ ನಿಲ್ದಾಣದವರು ಮಗಳ ಫೋನಿಗೆ ಸಿಕ್ಕಿ, ತಪಾಸಣೆಯ ಜಾಗದಲ್ಲಿ ಅಂಥದ್ದೇನೂ ಸಿಕ್ಕಿಲ್ಲ ಎಂದು ಹೇಳಿದರು. ಸಿಗುವುದಾದರೂ ಹೇಗೆ?

ನಾನು ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡೆ. ಎರಡು ಬಿಳಿ ಕರವಸ್ತ್ರ ತೆಗೆದು, ಒಂದರಲ್ಲಿ ನಾಲ್ಕು ಆಲೂಗಡ್ಡೆ, ಇನ್ನೊಂದರಲ್ಲಿ ಒಂದು ಟೊಮೆಟೊ, ಎರಡು ಚಮಚ ಕಟ್ಟಿದೆ. ಮುನ್ನೂರು ಚಿಲ್ಲರೆ, ನೂರ ಅರವತ್ತು. ನೆಲದ ಮೇಲೆ ಮಂಡಿಯೂರಿದೆ. ಎಡಗಡೆ ಬ್ಯಾಗು ಎಂದುಕೊಂಡೆ, ಬಲಗಡೆ ಕಸದ ಡಬ್ಬ. ಎಂಟು ಸಲವೋ ಹತ್ತು ಸಲವೋ ಆ ಗಂಟುಗಳನ್ನು ಆಡಿಸಿ ಹಾಕಿ ನೋಡಿದೆ. ಹಗುರವಾದದ್ದು ಬ್ಯಾಗಿಗೆ ಹೋಗಿದ್ದರೆ ಹದಿನೈದಾಗುತ್ತದೆ, ಸರಿ. ಭಾರದ್ದು ಹೋಗಿದ್ದರೆ ಹದಿನೈದು ಮುಂದೆ ಒಂದು ಬರಬೇಕಿತ್ತು. ಹದಿನೈದೇ ಅಲ್ಲವೇ ಬಂದದ್ದು? ಅಥವಾ ಮುಂದೆ ಒಂದು ಇದ್ದು, ಹುಡುಗಿ ಸಾಕಾಗಿಹೋಗಿ ಬಿಟ್ಟುಬಿಟ್ಟಳೋ? ಒಂದು ಸಲ ಹೌದು ಅನ್ನಿಸಿತು, ಇನ್ನೊಂದು ಸಲ ಅಲ್ಲ ಅನ್ನಿಸಿತು. ತಲೆ ಚಿಟ್ಟು ಹಿಡಿಯಿತು. ಬಾಗಿಲು ತೆಗೆದರೆ ಮೇಘಶ್ರೀ ನಿಂತಿದ್ದಳು. ನೆಲದ ಮೇಲಿನ ಆಲೂಗಡ್ಡೆ ನೋಡಿ, ಏನೂ ಕೇಳದೆ ಒಂದು ಲೋಟ ನೀರು ತೆಗೆದುಕೊಂಡು ಹೋದಳು. ಅಪ್ಪನಿಗೂ ಏನೋ ಆಗಿದೆ ಅಂದುಕೊಂಡಿರಬೇಕು.

ಸಂಜೆ ತರಕಾರಿ ತರುವ ನೆಪ ಹೇಳಿ ಹೊರಗೆ ಬಂದೆ. ಕಾಲು ತಾನಾಗಿ ದರ್ಶಿನಿಯ ಕಡೆ ಹೋಯಿತು. ಇಡ್ಲಿ ವಡೆ ತೆಗೆದುಕೊಂಡೆ. ವಡೆ ಮುರಿದು ಸಾಂಬಾರಿನಲ್ಲಿ ಅದ್ದಿದೆ. ಬಾಯಿಯವರೆಗೆ ತಂದು ಮತ್ತೆ ತಟ್ಟೆಗೇ ಹಾಕಿದೆ. ಪಕ್ಕದಲ್ಲಿ ನಿಂತು ತಿನ್ನುತ್ತಿದ್ದವನು, "ಯಾಕೆ ಅಂಕಲ್, ಬಿಸಿ ಇಲ್ವಾ?" ಅಂದ. ತಟ್ಟೆ ಹಾಗೇ ಬಿಟ್ಟು ಬಂದೆ.

ಮಗಳು ಮನೆಗೆ ಹೊರಟ ಮೇಲೆ ಬಸವಲಿಂಗಮ್ಮ ನನ್ನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡಳು. ದನಿ ಸಣ್ಣಗಾಗಿತ್ತು.

"ನಾಳೆ ಬೆಳಿಗ್ಗೆ ಸ್ನಾನ ಮಾಡಿ ಇಲ್ಲಿ ನಮ್ಮ ಮಠಕ್ಕೆ ಹೋಗೋಣ್ರೀ. ಸ್ವಾಮಿಗಳ ಮುಂದೆ ತಪ್ಪಾಯ್ತು ಅಂತ ಒಪ್ಕೊಂಡ್ಬಿಡ್ತೀನಿ. ಬೇರೆ ಲಿಂಗ ಕೊಡ್ತಾರೆ, ಕೊಡಲ್ಲ ಅನ್ನಲ್ಲ. ಆದ್ರೆ ಅದಲ್ಲ. ಐವತ್ತೆಂಟು ವರ್ಷ ಎದೆ ಮೇಲೆ ಇದ್ದದ್ದನ್ನ ನಾನು ಒಂದ್ನಿಮಿಷ ಕೆಳಗಿಟ್ಟೆ. ಅಷ್ಟೇ ಸಾಕಾಯ್ತು ನೋಡಿ."

"ನಿನ್ನ ತಪ್ಪಲ್ಲ" ಅಂದೆ.

"ಮತ್ಯಾರ್ದು?"

ಬಾಯಿ ತೆರೆದೆ. ತೆರೆದ ಬಾಯಿಗೆ, "ಮಲಗು, ಸುಸ್ತಾಗಿದ್ದೀಯ" ಎಂಬ ಮಾತು ಬಂತು. ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಎರಡು ಗ್ರಾಂ ಕಡಿಮೆ ತೂಗಿದ ವ್ಯಾಪಾರಿಗಳನ್ನು ನಾನು ಹತ್ತು ಜನರ ಮುಂದೆ ನಿಲ್ಲಿಸಿ ಕೇಳುತ್ತಿದ್ದವನು.

ಮೂರನೇ ದಿನ ಬೆಳಿಗ್ಗೆ ಎಂಟಕ್ಕೆ ಗೇಟಿನ ಸದ್ದಾಯಿತು. ಬಸವಲಿಂಗಮ್ಮ ಆಗಷ್ಟೇ ಬಚ್ಚಲಿಗೆ ಹೋಗಿದ್ದಳು. ವಿಮಾನ ಕಂಪನಿಯ ವ್ಯಾನಿನವನು, ಹೆಸರು ಮರೆಪ್ಪ ಎಂದು ಅಂಗಿಯ ಮೇಲಿತ್ತು, ಬೂದು ಬ್ಯಾಗನ್ನು ಗೇಟಿನ ಮುಂದೆ ಇಟ್ಟುಕೊಂಡು ನಿಂತಿದ್ದ.

"ಸಾರ್, ನೀಲಿ ಹಸಿರು ಅಂತ ಬರ್ದಿದ್ರಲ್ಲ, ಅದಕ್ಕೆ ಎರಡು ದಿನ ಆಯ್ತು. ಸೈನ್ ಮಾಡಿ."

ಅವನು ಹೋದದ್ದೇ ತಡ, ಬ್ಯಾಗನ್ನು ಒಳಗೆಳೆದುಕೊಂಡು ನನ್ನ ತಕ್ಕಡಿಯ ಕೊಕ್ಕೆಗೆ ಹಾಕಿ ಎತ್ತಿದೆ. ಅಲ್ಲ, ಬಿಚ್ಚಿ ನೋಡುವುದನ್ನು ಬಿಟ್ಟು ಯಾರಾದರೂ ಮೊದಲು ತೂಗುತ್ತಾರೆಯೇ? ನಾನು ತೂಗಿದೆ. ಮುಳ್ಳು ಹದಿನಾಲ್ಕು ಮುಂದೆ ಮೂರರ ಹತ್ತಿರ ನಿಂತಿತು. ಏಳುನೂರು ಗ್ರಾಂ ಕಡಿಮೆ. ದಾರಿಯಲ್ಲಿ ಯಾರೋ ಬಿಚ್ಚಿ ತೆಗೆದಿದ್ದಾರೆ, ಬೆಳ್ಳಿ ಕಂಡರೆ ಬಿಡುತ್ತಾರೆಯೇ! ಬಚ್ಚಲಿನಲ್ಲಿ ಅವಳು ನೀರು ಹೊಯ್ದುಕೊಳ್ಳುವ ಸದ್ದು ಕೇಳುತ್ತಿತ್ತು.

ಬ್ಯಾಗನ್ನು ಬಿಚ್ಚಿ ಒಂದೊಂದನ್ನೇ ತೆಗೆದೆ. ಸೀರೆಗಳು, ಪಂಚೆಗಳು, ಶಾಲು, ಮಗಳಿಗೆ ತಂದ ಬಳೆಯ ಡಬ್ಬಿ, ಎಲ್ಲ ಇತ್ತು. ಗಂಟು ಇರಲಿಲ್ಲ. ತಳದವರೆಗೆ ಹುಡುಕಿದೆ. ಕೊನೆಗೆ ಹೊರಗಿನ ಪಕ್ಕದ ಖಾನೆಯ ಜಿಪ್ ಎಳೆದೆ. ಅಲ್ಲಿ ಪ್ಲಾಸ್ಟಿಕ್ ಕವರಿನಲ್ಲಿ ನನ್ನ ಹಳೇ ಚಪ್ಪಲಿಗಳಿದ್ದವು, ಕಾಶಿಯ ಗಲ್ಲಿಗಳಲ್ಲೆಲ್ಲ ತುಳಿದು ತಿರುಗಿದ ಚಪ್ಪಲಿಗಳು. ಆ ಎರಡು ಚಪ್ಪಲಿಗಳ ನಡುವೆ ಬಿಳಿ ಗಂಟು ಸಿಕ್ಕಿಕೊಂಡಿತ್ತು. ಮುಖ್ಯ ಜಿಪ್ ಮತ್ತೆ ಬಿಚ್ಚುವ ತಾಳ್ಮೆಯಿಲ್ಲದೆ ಅವತ್ತು ನಾನೇ ಅಲ್ಲಿಗೆ ತುರುಕಿದ್ದೆ.

ಗಂಟನ್ನು ಬಿಚ್ಚಿದೆ. ಕರಡಿಗೆ ಇತ್ತು. ಕಿತ್ತುಹೋದ ಶಿವದಾರ ಅದಕ್ಕೆ ಸುತ್ತಿಕೊಂಡಿತ್ತು. ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ.

ಹಾಗಾದರೆ ಏಳುನೂರು ಗ್ರಾಂ ಎಲ್ಲಿಗೆ ಹೋಯಿತು? ಏನೂ ಕಳೆದಿಲ್ಲವಲ್ಲ! ಎದ್ದು ಹೋಗಿ ಅಡುಗೆಮನೆಯಿಂದ ಇನ್ನೂ ಒಡೆಯದ ಐದು ಕಿಲೋ ಅಕ್ಕಿಯ ಚೀಲ ತಂದು ಅದೇ ಕೊಕ್ಕೆಗೆ ಹಾಕಿದೆ. ಮುಳ್ಳು ನಾಲ್ಕು ಮುಕ್ಕಾಲಿಗೆ ನಿಂತಿತು. ಇನ್ನೊಮ್ಮೆ ಹಾಕಿದೆ, ಅಷ್ಟೇ. ನನ್ನ ತಕ್ಕಡಿಯೇ ಕಡಿಮೆ ತೋರಿಸುತ್ತಿತ್ತು. ಹನ್ನೊಂದು ವರ್ಷದಿಂದ ಅದಕ್ಕೆ ಮುದ್ರೆ ಹಾಕಿಸಿರಲಿಲ್ಲ. ನನ್ನ ತಕ್ಕಡಿಯನ್ನು ಯಾರು ಪರೀಕ್ಷೆ ಮಾಡಬೇಕು? ಕೌಂಟರಿನ ಆ ಹುಡುಗಿ ಹೇಳಿದ್ದೇ ಸರಿ. ಅವಳ ಮಾತಿಗೆ ಆಯ್ತಮ್ಮ ಎಂದು ಬಸವಲಿಂಗಮ್ಮ ಬರುವವರೆಗೆ ಕಾದಿದ್ದರೆ ನಾನು ಆ ಗಂಟನ್ನು ಮುಟ್ಟುತ್ತಲೇ ಇರಲಿಲ್ಲ.

ಬಚ್ಚಲ ಬಾಗಿಲ ಚಿಲಕ ತೆಗೆದ ಸದ್ದಾಯಿತು. ನಾನು ಮಾಡಿದ್ದು ಏನು ಗೊತ್ತೇ? ಗಂಟನ್ನು ಮೊದಲಿನಂತೆ ಕಟ್ಟಿ, ಧೂಳು ಒರೆಸಿ, ಅವಳ ಹಸಿರು ಸೀರೆಯ ಮಡಿಕೆಯೊಳಗೆ ಇಟ್ಟು, ಸೀರೆಯನ್ನು ಬ್ಯಾಗಿನ ಮೇಲ್ಗಡೆ ಇಟ್ಟೆ. ಚಪ್ಪಲಿಯ ಖಾನೆಯ ಜಿಪ್ ಹಾಕಿದೆ. ಯೋಚನೆ ಮಾಡಿ ಮಾಡಿದ್ದಲ್ಲ. ಕೈ ತಾನೇ ಮಾಡಿತು.

"ಲಿಂಗಮ್ಮ, ಬ್ಯಾಗು ಬಂತು. ಮಠಕ್ಕೆ ಹೋಗೋಕೆ ಸೀರೆ ಯಾವ್ದು ಬೇಕೋ ನೋಡ್ಕೋ."

ಅವಳು ಬಂದು ಹಸಿರು ಸೀರೆಯನ್ನು ಎತ್ತಿದಳು. ಗಂಟು ಅವಳ ಮಡಿಲಿಗೆ ಜಾರಿತು. ಅವಳು ಅದನ್ನು ಎರಡೂ ಕೈಯಿಂದ ಎತ್ತಿ ಕಣ್ಣಿಗೊತ್ತಿಕೊಂಡು ಮಗುವಿನ ಹಾಗೆ ಅತ್ತಳು. ದೇವರ ಕೋಣೆಗೆ ಹೋಗಿ ಕೂತಳು. ಮುಕ್ಕಾಲು ಗಂಟೆ ಪೂಜೆ ಮಾಡಿದಳು. ನಾನು ಅಷ್ಟರಲ್ಲಿ ಅನ್ನಕ್ಕಿಟ್ಟು, ಬೇಳೆ ಬೇಯಿಸಿ, ಅವಳ ಮಾತ್ರೆ ತೆಗೆದಿಟ್ಟೆ. ಮುಗಿಯಿತು, ಇನ್ನು ಯಾರಿಗೂ ಏನೂ ಗೊತ್ತಾಗಬೇಕಾಗಿಲ್ಲ ಅಂದುಕೊಂಡೆ.

ಹೊಸ ಶಿವದಾರದಲ್ಲಿ ಲಿಂಗ ಕಟ್ಟಿಕೊಂಡು, ಹಣೆಯ ತುಂಬ ವಿಭೂತಿ ಹಚ್ಚಿಕೊಂಡು ಅವಳು ಹೊರಗೆ ಬಂದಳು. ಎರಡು ದಿನದಿಂದ ಬಾಡಿದ್ದ ಮುಖ ತೊಳೆದಿಟ್ಟಂತಾಗಿತ್ತು. ತಟ್ಟೆಯ ಮುಂದೆ ಕೂರುವ ಮೊದಲು ತುಮಕೂರಿನಲ್ಲಿರುವ ಅಕ್ಕ ಗಿರಿಜಾದೇವಿಗೆ ಫೋನ್ ಮಾಡಿದಳು.

"ಅಕ್ಕಾ, ಪವಾಡ ಕಣಕ್ಕ. ನಾನು ಇಟ್ಟಿದ್ದು ಕೈಚೀಲದಲ್ಲಿ, ನನ್ನ ಕೈಯಾರೆ. ಸಿಕ್ಕಿದ್ದು ದೊಡ್ಡ ಬ್ಯಾಗಲ್ಲಿ, ಸೀರೆ ಮಡಿಕೆ ಒಳಗೆ. ಆ ಬ್ಯಾಗನ್ನ ನಾನು ಏರ್‌ಪೋರ್ಟಲ್ಲಿ ಮುಟ್ಟೇ ಇಲ್ಲ. ನಾನು ಬಿಟ್ರೂ ಅವನು ನನ್ನ ಬಿಡ್ಲಿಲ್ಲ ನೋಡು. ಸೋಮವಾರ ಮಠದಲ್ಲಿ ಎಲ್ಲರ ಮುಂದೆ ಹೇಳ್ತೀನಿ. ನೀನೂ ಬಾ."

ಆ ಕಡೆ ಗಿರಿಜಾದೇವಿ ಅಳುತ್ತಿದ್ದುದು ನನಗೂ ಕೇಳುತ್ತಿತ್ತು. ಬಸವಲಿಂಗಮ್ಮ ನನ್ನ ಕಡೆ ತಿರುಗಿ ನಕ್ಕಳು. "ಇವ್ರಿಗೂ ಹೇಳು ಅಕ್ಕ. ಇನ್ನಾದ್ರೂ ಕಟ್ಕೊಳ್ಳಿ ಅಂತ."

ಅಲ್ಲಿಯವರೆಗೆ ನಾನು ತಡೆದುಕೊಂಡಿದ್ದೆ. ಆ ನಗು ನನ್ನಿಂದ ತಡೆಯಲಾಗಲಿಲ್ಲ. ಮಠದಲ್ಲಿ ಇನ್ನೂರು ಜನರ ಮುಂದೆ ನಿಂತು ಅವಳು ನನ್ನ ಸುಳ್ಳಿಗೆ ಕೈ ಮುಗಿಯುತ್ತಾಳೆ. ಹೋಗಿ ಅವಳ ಕೈಯಿಂದ ಫೋನ್ ತೆಗೆದು, ಆಮೇಲೆ ಮಾಡ್ತೀವಿ ಅತ್ತಿಗೆ ಎಂದು ಹೇಳಿ ಆರಿಸಿದೆ.

"ಪವಾಡ ಅಲ್ಲ ಲಿಂಗಮ್ಮ. ನಾನೇ ಹಾಕಿದ್ದು."

ನಾನು ಎಲ್ಲ ಹೇಳಿದೆ. ಕೌಂಟರು, ಎರಡು ಗಂಟು, ಕಸದ ಡಬ್ಬ. ಚಪ್ಪಲಿಯ ಖಾನೆಯನ್ನೂ ಹೇಳಿದೆ. ಸೀರೆಯೊಳಗೆ ಇಟ್ಟದ್ದನ್ನೂ ಹೇಳಿದೆ. ಅವಳ ಕೈ ಎದೆಯ ಮೇಲಿನ ಕರಡಿಗೆಗೆ ಹೋಗಿ ಅಲ್ಲೇ ನಿಂತಿತು.

"ಯಾವಾಗ ಗೊತ್ತಾಯ್ತು ನಿಮ್ಗೆ?"

"ಮೊನ್ನೆ ಸಂಜೆ. ನೀನು ಬಿಳೀ ವಸ್ತ್ರ ಅಂದಾಗ್ಲೇ."

"ಎರಡು ದಿನ ನನ್ನ ಎದುರಿಗೆ ಕೂತಿದ್ರಿ."

"ಕಸಕ್ಕೆ ಹೋಗಿದ್ರೆ ಹೆಂಗೆ ಹೇಳೋದು ಅಂತ..."

ಅವಳು ಬಯ್ಯಲಿಲ್ಲ. ಬಯ್ದಿದ್ದರೆ ಎಷ್ಟೋ ಚೆನ್ನಾಗಿತ್ತು. ಅನ್ನದ ಹಬೆ ಆರಿತು. ಆಮೇಲೆ ತಲೆ ಎತ್ತದೆ ಕೇಳಿದಳು.

"ಕೈಲಿಟ್ಟು ನೋಡಿದ್ರಲ್ಲ, ಎಷ್ಟಿತ್ತು?"

"ನೂರ ಅರವತ್ತು ಗ್ರಾಂ."

"ಸರಿಯಾಗೇ ಇದೆ. ಹೋದ ವರ್ಷ ಕರಡಿಗೆ ಮೆರುಗು ಹಾಕಿಸೋವಾಗ ಹನುಮಂತನಗರದ ಅಂಗಡೀಲಿ ತೂಗಿದ್ರು. ನೂರ ಅರವತ್ತೇ ಬಂದಿತ್ತು." ಅವಳು ನನ್ನ ಮುಖ ನೋಡಿದಳು. "ತೂಕ ಅಷ್ಟು ಸರಿಯಾಗಿ ಗೊತ್ತಾಯ್ತು. ನಂದು ಅಂತ ಗೊತ್ತಾಗ್ಲಿಲ್ವಾ?"

ನಲವತ್ತಾರು ವರ್ಷ ದಿನಾ ಬೆಳಿಗ್ಗೆ ಕಣ್ಣೆದುರಿಗಿದ್ದದ್ದು. ಅವಳು ತಟ್ಟೆಯನ್ನು ಹತ್ತಿರ ಎಳೆದುಕೊಂಡು, ಗೋಡೆಯ ಕಡೆ ತಿರುಗಿ ಕೂತು, ತಣ್ಣಗಾದ ಅನ್ನವನ್ನು ಕಲಸಿ ಮೊದಲ ತುತ್ತು ಬಾಯಿಗಿಟ್ಟುಕೊಂಡಳು.